ಬಾಂಬು ಏಳದಿರಲೆಂದು ಗಂಗಿ ಹೊತ್ತ ಹರಕೆ

ಹಾಲಕ್ಕಿ ಒಕ್ಕಲಿಗರ ಗಂಗಿಯ ತರಕಾರಿ ಬುಟ್ಟಿ ಕೂರುತ್ತಿದ್ದುದು ಕುಮಟಾ ಬಸ್ ಸ್ಟ್ಯಾಂಡಿನ ಎದುರು, ನನ್ನ ಚಹದಂಗಡಿಯ ಜಗುಲಿಯ ಕೆಳಗೆ. ಮಳೆಗಾಲದಲ್ಲಿ ಮೊಗೆಕಾಯಿ, ಬೇಸಿಗೆಯಲ್ಲಿ ಜಡೆ ಹೆಣೆದ ಈರುಳ್ಳಿ. ಗಂಡ ಹೋದ ಮೇಲೆ ಒಬ್ಬನೇ ಮಗ ಬೊಮ್ಮಯ್ಯನನ್ನು ಆ ಬುಟ್ಟಿಯಿಂದಲೇ ಸಾಕಿ, ಓದಿಸಿ, ಮಿಲಿಟರಿಗೆ ಕಳಿಸಿದಳು. ಕಳಿಸಿದ ದಿನದಿಂದ ಅವಳ ಜೀವ ಮುಷ್ಟಿಯಲ್ಲಿ.

ತೊಂಬತ್ತೆಂಟರಲ್ಲಿ ನಮ್ಮವರು ಮರುಭೂಮಿಯಲ್ಲಿ ಅಣುಬಾಂಬು ಸಿಡಿಸಿದರಲ್ಲ, ಆಗ ಪೇಟೆಯಲ್ಲೆಲ್ಲ ಪಟಾಕಿ. ನನ್ನ ಅಂಗಡಿಯ ಕಾಯಂ ಗಿರಾಕಿ, ಬ್ಯಾಂಕಿನ ಶಾಂತಾರಾಮ, ಪೇಢೆ ಹಂಚಿದ. ಗಂಗಿಯ ಕೈಗೂ ಒಂದು ಬಿತ್ತು.

"ಇಷ್ಟು ದೊಡ್ಡ ಬಾಂಬು ಯಾರಿಗೆ ಹೊಡೂಕೆ ಒಡೆಯಾ?"

"ಹೊಡೂಕಲ್ಲ ಮಾರಾಯ್ತಿ! ನಮ್ಮ ಹತ್ರ ಉಂಟು ಅಂತ ಗೊತ್ತಾದ್ರೆ ಸಾಕು, ಯಾರೂ ಮೈಮೇಲೆ ಬರೂದಿಲ್ಲ. ನಿನ್ನ ಮಗ ಇನ್ನು ಆರಾಮ."

"ಹಾಂಗಾರೆ ನಮ್ಮ ಜಟಗನ ಹಾಂಗೆ," ಎಂದಳು ಗಂಗಿ.

ಜಟಗ ಅಂದರೆ ಅವರ ಊರಗಡಿ ಕಾಯುವ ದೈವ. ಕಲ್ಲಾಗಿ ಕೂತಲ್ಲೇ ಕೂತಿದ್ದರೆ ಊರಿಗೆ ಕ್ಷೇಮ. ಸಿಟ್ಟಿನಿಂದ ಎದ್ದನೋ, ಹೊರಗಿನವರು ಒಳಗಿನವರು ಅಂತ ನೋಡುವವನಲ್ಲ. ಏಳದಿರಲಿ ಅಂತಲೇ ಹುಂಜ ಕೊಡುವುದು. ಶಾಂತಾರಾಮ ಹೊಟ್ಟೆ ಹಿಡಿದು ನಕ್ಕ. ನಗಲಿ ಪುಣ್ಯಾತ್ಮ! ಅದೇ ತಿಂಗಳು ಆಚೆಯವರೂ ಸಿಡಿಸಿದರು, ಮರುವರ್ಷ ಕಾರ್ಗಿಲ್ ಯುದ್ಧವೂ ಆಯಿತು. ಆಗ ಪೇಢೆ ತರುವ ಉಮೇದು ಯಾರಿಗೂ ಇರಲಿಲ್ಲ. ಬೊಮ್ಮಯ್ಯ ಹೇಗೋ ಉಳಿದುಕೊಂಡ.

ಎರಡು ಸಾವಿರದ ಎರಡರಲ್ಲಿ ಎರಡೂ ದೇಶದ ಸೈನ್ಯ ಗಡಿಗೆ ಬಂದು ಎದುರುಬದುರು ನಿಂತಿತ್ತು. ಬೊಮ್ಮಯ್ಯನೂ ಅಲ್ಲೇ. ಈ ಸಲ ಬಾಂಬು ಬಿದ್ದರೆ ಲಕ್ಷಗಟ್ಟಲೆ ಜನ ಬೂದಿ ಅಂತ ನನ್ನ ಅಂಗಡಿಯ ಟೀವಿ ದಿನವಿಡೀ ಹೇಳುತ್ತಿತ್ತು. ಕೇಳಿ ಕೇಳಿ ಗಂಗಿ ಅನ್ನ ಬಿಟ್ಟಳು. ಕಡೆಗೆ ಒಂದು ಮಂಗಳವಾರ ಜಟಗನ ಮುಂದೆ ಹೋಗಿ ನಿಂತು, "ಬಾಂಬು ಏಳೂಕಾಗ, ಯುದ್ಧ ಆಗೂಕಾಗ. ಆಗದೇ ಇದ್ರೆ ಹುಂಜ ಕೊಡ್ತೆ," ಎಂದು ಹರಕೆ ಹೊತ್ತು ಬಂದಳು. ದೇಶಕ್ಕೆಲ್ಲ ಸೇರಿ ಒಂದು ಹುಂಜವೇ ಅಂತ ನಾನು ಕಾಲೆಳೆದರೆ, "ದೊಡ್ಡದೇ ನೋಡಿ ಕೊಡ್ತೆ ಸರೋಜಕ್ಕ," ಎಂದಳು.

ಯುದ್ಧ ಆಗಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಸೈನ್ಯ ಹಿಂದೆ ಸರಿಯುತ್ತದೆ ಅಂತ ಸುದ್ದಿ ಬಂತು. ಬಾಂಬು ಇತ್ತು ಅಂತಲೇ ಯುದ್ಧ ತಪ್ಪಿತು ಎಂದು ಶಾಂತಾರಾಮ ಎದೆಯುಬ್ಬಿಸಿದ. ಬೊಮ್ಮಯ್ಯ ನನ್ನ ಅಂಗಡಿಗೆ ಫೋನು ಮಾಡಿ ಅವ್ವನನ್ನು ಕರೆಸಿಕೊಂಡ. ವೈರಿ ಬಾರದಿರಲೆಂದು ಗಡಿಯ ಹೊಲಗಳಲ್ಲಿ ನಮ್ಮ ಸೈನ್ಯದವರೇ ನೆಲದಡಿ ಸ್ಫೋಟಕ ಹುಗಿದಿದ್ದರಂತೆ. "ಹುಗಿದದ್ದೆಲ್ಲ ತೆಗ್ದಾದ್ಮೇಲೆ ಬತ್ತೆ ಅವ್ವಿ." ಗಂಗಿ ಅವತ್ತು ಬುಟ್ಟಿಯ ತರಕಾರಿಯನ್ನು ಬಂದವರಿಗೆಲ್ಲ ಸುಮ್ಮನೆ ಕೊಟ್ಟಳು.

ತೆಗೆಯುವಾಗ ಒಂದು ಸಿಡಿಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಬೊಮ್ಮಯ್ಯ ಪೆಟ್ಟಿಗೆಯಲ್ಲಿ ಬಂದ, ಮುಚ್ಚಳ ತೆಗೆಯಲು ಬಿಡಲಿಲ್ಲ. ಮಗನ ಮುಖ ನೋಡುವುದೂ ಬೇಡವೇ ತಾಯಿಗೆ?

ಸೂತಕ ಕಳೆದ ಮೇಲೆ ಗಂಗಿ ಪೇಟೆಗೆ ಬಂದಳು. ಬುಟ್ಟಿ ಇರಲಿಲ್ಲ. ಕಂಕುಳಲ್ಲಿ ಆಗತಾನೇ ಕೊಂಡ ದೊಡ್ಡ ಹುಂಜ.

"ಎಂತದೇ ಇದು? ಮಗನೇ ಹೋದ ಮೇಲೆ ಎಂತ ಹರಕೆ? ಆ ಕಲ್ಲಿಗೆ ಕಣ್ಣಿಲ್ವ?" ಎಂದು ಬೀದಿಯಲ್ಲೇ ಕೂಗಾಡಿದೆ.

"ಜಟಗಗೆ ಬೈಬೇಡಿ ಸರೋಜಕ್ಕ. ಅವ ಮಾತು ತಪ್ಪಲಿಲ್ಲ. ಬಾಂಬು ಏಳೂಕಾಗ ಅಂದೆ, ಏಳಲಿಲ್ಲ. ಯುದ್ಧ ಬೇಡ ಅಂದೆ, ಆಗಲಿಲ್ಲ." ಹುಂಜದ ಬೆನ್ನು ಸವರಿದಳು. "ಯುದ್ಧ ಆಗದಿದ್ರೂ ಮಕ್ಳು ಸಾಯ್ತವೆ ಅಂತ ನಂಗೆ ಯಾರೂ ಹೇಳಲಿಲ್ಲ. ಗೊತ್ತಿದ್ರೆ ನನ್ನ ಬೊಮ್ಮುನ ಹೆಸರು ಹೇಳೇ ಬೇಡ್ಕತಿದ್ದೆ."

ಹಾಗೆಂದವಳು ಹುಂಜವನ್ನು ಎದೆಗೊತ್ತಿಕೊಂಡು ಅಲ್ಲೇ ಕುಸಿದು ಕೂತಳು, ಗೊಳೋ ಎಂದು ಅತ್ತಳು.