ತಾನಾಗಿ ಕೇಳಿದ ಜಡೆ

ನಮ್ಮ ಮನೆಯ ಗೋಡೆಯ ಮೇಲೆ ನನ್ನದೊಂದು ಫೋಟೊ ಇದೆ. ಜಾವಳ ತೆಗೆಸುವ ಮುನ್ನಾದಿನ ಸೋದರತ್ತೆ ನನ್ನನ್ನು ಗದ್ವಾಲದ ಸ್ಟುಡಿಯೋಗೆ ಹೊತ್ತುಕೊಂಡು ಹೋಗಿ, ಲಂಗ ತೊಡಿಸಿ, ಕಾಡಿಗೆ ತೀಡಿ, ಗೇಣುದ್ದದ ಕೂದಲಿಗೆ ಚವರಿ ಸೇರಿಸಿ ಮೊಗ್ಗಿನ ಜಡೆ ಹೆಣೆದು, ಆ ಜಡೆಯೂ ಕಾಣಲೆಂದು ಬೆನ್ನ ಹಿಂದೆ ಕನ್ನಡಿ ನಿಲ್ಲಿಸಿ ತೆಗೆಸಿದ್ದು. ಮೀಸೆ ಚಿಗುರಿದ ಮೇಲೆ ಅದನ್ನು ಇಳಿಸೆಂದು ಎಷ್ಟು ಗೋಗರೆದರೂ ಅವ್ವ ಜಪ್ಪಯ್ಯ ಎನ್ನಲಿಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೀತು, ಹುಡುಕಿ ನೋಡಿ. ನಾರಾಯಣಪೇಟೆಯಿಂದ ರಾಜೋಳಿಯವರೆಗೆ ಹುರಿಮೀಸೆಯ ಗಂಡಸರನೇಕರು ಒಮ್ಮೆ ಹೀಗೆ ಲಂಗ ತೊಟ್ಟು ಕನ್ನಡಿಗೆ ಬೆನ್ನು ಕೊಟ್ಟು ನಿಂತವರೇ.

ತೆಲಂಗಾಣದ ಗಡಿಯ ಮಕ್ತಲ್ ಹತ್ತಿರದ ಸರ್ಕಾರಿ ಕನ್ನಡ ಶಾಲೆಯೊಂದರಲ್ಲಿ ನಾನು ಮೇಷ್ಟ್ರು. ಈ ವರ್ಷ ನಮ್ಮ ಶಾಲೆಯ ಪುಸ್ತಕದ ಕಪಾಟಿಗೆ ಬಂದ ಚಿತ್ರಪುಸ್ತಕಗಳಲ್ಲಿ ಒಂದರ ಕಥೆ ಹೀಗಿದೆ: ಎಲ್ಲರೂ ಹುಡುಗನೆಂದೇ ತಿಳಿದಿದ್ದ ಮಗುವೊಂದು ‘ನಾನು ಹುಡುಗಿ’ ಎನ್ನುತ್ತದೆ, ಜಡೆ ಬೇಕೆಂದು ಕೇಳುತ್ತದೆ, ಕೊನೆಗೆ ಮನೆಯವರು ಹೆಣೆದುಕೊಡುತ್ತಾರೆ. ಅಷ್ಟೇ. ಆ ಪುಸ್ತಕವನ್ನು ಪುಟಗಳು ಸವೆಯುವಷ್ಟು ಓದಿದ್ದು, ಹಾಜರಿ ಪುಸ್ತಕದಲ್ಲಿ ಹುಡುಗನೆಂದಿರುವ ಐದನೆಯ ತರಗತಿಯ ಶರಣು. ನಿಜವಾದ ಹೆಸರು ಬೇರೆ, ಅದನ್ನು ನಿಮಗೆ ಹೇಳಲಾರೆ. ಅಪ್ಪ ಅವ್ವ ಹೈದರಾಬಾದಿನ ಕಟ್ಟಡಗಳಲ್ಲಿ ದುಡಿಯುತ್ತಾರೆ, ಮಗು ಇಲ್ಲಿ ಅಜ್ಜಿಯ ಜೊತೆ. ನಡಿಗೆಯನ್ನೂ ದನಿಯನ್ನೂ ಅಣಕಿಸಿ ಅಣಕಿಸಿ ದೊಡ್ಡ ಹುಡುಗರು ಅದಕ್ಕೆ ಶಾಲೆಯನ್ನೇ ಬಿಡಿಸಿದ್ದರು. ಪುಸ್ತಕದ ಸುದ್ದಿ ಯಾರ ಬಾಯಿಂದ ತಲುಪಿತೋ, ಒಂದು ಬೆಳಿಗ್ಗೆ ಮಗು ಕಪಾಟಿನ ಮುಂದೆ ನಿಂತಿತ್ತು. ಅಂದಿನಿಂದ ಶಾಲೆ ತಪ್ಪಿಸಿಲ್ಲ.

ಪೋಷಕರ ಸಭೆಯಲ್ಲಿ ಶಾಲಾ ಸಮಿತಿಯ ಹಿರಿಯರಾದ ಗೌಡರು ಅದೇ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು. ಕೆಟ್ಟವರಲ್ಲ, ಶಾಲೆಗೆ ಬೋರ್‌ವೆಲ್ ಹಾಕಿಸಲು ಓಡಾಡಿದವರು.

“ಇದೇನ್ರಿ ಮಾಸ್ತರ್ರ, ಗಂಡುಹುಡುಗ ಜಡಿ ಹಾಕ್ಕೊಂಡು ನಾ ಹುಡುಗಿ ಅಂತಾನ! ಪಿಲ್ಲಲು ಚೆಡಿಪೋತಾರು. ಮಕ್ಕಳು ಕೆಡಾಕ ಇಷ್ಟು ಸಾಕು. ನಾಳಿಂದ ಇದು ಇಲ್ಲಿ ಕಾಣಬಾರದು.”

“ಗೌಡ್ರ, ನಿಮ್ಮ ಪಡಸಾಲ್ಯಾಗ ನಿಮ್ಮದೂ ಜಡಿ ಫೋಟೊ ಐತಲ್ಲರಿ, ನೀವೇನು ಕೆಟ್ರೇನ್ರಿ?” ಎಂದೆ.

ಸಭೆ ಗೊಳ್ಳೆಂದಿತು. ಗೌಡರೂ ನಕ್ಕರು. ನಕ್ಕು ಮುಗಿಸಿ, ತಣ್ಣಗೆ ಹೇಳಿದರು: “ಅದು ಬ್ಯಾರೆ ರೀ. ಅದು ಮನಿಯವರು ಹಾಕಿದ್ದು. ನಾನೇನು ಕೇಳಿದ್ನೇನ್ರಿ?”

ಗೆದ್ದೆನೆಂದು ಬೀಗುತ್ತಿದ್ದ ನನಗೆ ಆ ಮಾತು ಮನೆ ಮುಟ್ಟುವವರೆಗೂ ಚುಚ್ಚಿತು. ಗೌಡರು ತಮಗೇ ಅರಿವಿಲ್ಲದೆ ನಿಜವನ್ನು ಹೊರಗೆಡವಿದ್ದರು. ಜಡೆಯ ಮೇಲೆ ನಮಗೆ ಯಾವ ಹಗೆಯೂ ಇಲ್ಲ, ಲಂಗದ ಮೇಲೂ ಇಲ್ಲ. ನಮ್ಮ ಹರಕೆಗೆ, ನಮ್ಮ ಕಣ್ಣಿನ ಸುಖಕ್ಕೆ ತೊಡಿಸಿದರೆ ಅದು ಮುದ್ದು, ಮಂಗಳ, ಗೋಡೆಗೆ ಮೊಳೆ ಹೊಡೆದು ತೂಗಹಾಕಬಹುದಾದ ಸಂಭ್ರಮ. ಅದನ್ನೇ ಮಗುವೊಂದು ತನ್ನ ಅಂತರಂಗವನ್ನು ತಾನು ಬಲ್ಲೆನೆಂಬ ಧೈರ್ಯದಿಂದ ಕೇಳಿದರೆ ಮಾತ್ರ ನಮ್ಮ ಕೈ ಬೆತ್ತ ಹುಡುಕುತ್ತದೆ. ಕೇಳುವುದೇ ಅಪರಾಧವಾದ ಮೇಲೆ ಶಾಲೆ ಏತಕ್ಕೆ ಹೇಳಿ? ಪುಸ್ತಕ ಓದಿದರೆ ಮಕ್ಕಳು ಬದಲಾಗಿಬಿಡುತ್ತಾರಂತೆ! ರಾಜರ ಕಥೆಗಳನ್ನು ಇಷ್ಟು ವರ್ಷ ಓದಿಸಿದ್ದೇನೆ, ಒಬ್ಬನೂ ಗದ್ವಾಲದ ಕೋಟೆಗೆ ಹೋಗಿ ಕಿರೀಟ ಕೇಳಿಲ್ಲ. ಪುಸ್ತಕ ಯಾರನ್ನೂ ಹುಡುಗಿಯಾಗಿಸುವುದಿಲ್ಲ. ಮೊದಲೇ ಹುಡುಗಿಯಾದವಳಿಗೆ ನೀನು ಒಂಟಿಯಲ್ಲ ಎನ್ನುತ್ತದೆ, ಅಣಕಿಸುವವನಿಗೆ ಬಾಯಿ ಮುಚ್ಚಲು ಕಲಿಸುತ್ತದೆ. ಉಳ್ಳವರ ಮಕ್ಕಳಿಗೆ ಇಂಥ ಪುಸ್ತಕ ಬೇರೆಲ್ಲಾದರೂ ಸಿಕ್ಕೀತು. ಅಜ್ಜಿಯ ಗುಡಿಸಲಿನಿಂದ ಬರುವ ಶರಣುವಿಗೆ ಸರ್ಕಾರಿ ಶಾಲೆಯ ಈ ಕಪಾಟೇ ಗತಿ. ಪುಸ್ತಕ ಹೋದರೆ ಮಗುವೂ ಹೋಗುತ್ತದೆ. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಆ ಸಿಟ್ಟಿನ ಬಗ್ಗೆ ನನಗೆ ನಾಚಿಕೆಯಿಲ್ಲ.

ಮರುದಿನ ಗೌಡರ ಮನೆಗೇ ಹೋದೆ. “ನಿಮ್ಮ ಮೊಮ್ಮಗಳಿಗೆ ಓದಬ್ಯಾಡ ಅನ್ನೋದು ನಿಮ್ಮ ಮನಿ ಮಾತು. ಕಪಾಟಿನಿಂದ ಮಾತ್ರ ತೆಗ್ಯಂಗಿಲ್ಲರಿ. ಬೇಕಾದ್ರ ಮ್ಯಾಲಿನವರಿಗೆ ಬರೀರಿ, ನನ್ನ ವರ್ಗ ಮಾಡಸ್ರಿ” ಎಂದೆ. ಬರೆದಿದ್ದಾರೆಂದು ಕೇಳಿದ್ದೇನೆ. ಬರೆಯಲಿ. ಪುಸ್ತಕ ಮಕ್ಕಳ ಕೈಗೆಟುಕುವ ಕೆಳಗಿನ ಹಲಗೆಯ ಮೇಲೆಯೇ ಇದೆ, ಕಪಾಟಿಗೆ ನಾನು ಬೀಗ ಹಾಕಿಲ್ಲ, ಹಾಕುವುದೂ ಇಲ್ಲ.

ಮೊನ್ನೆ ಶರಣು ಆ ಪುಸ್ತಕವನ್ನು ಎದೆಗವಚಿಕೊಂಡು ಎದ್ದು ನಿಂತು, ತುಂಬಿದ ತರಗತಿಯಲ್ಲಿ ಕೇಳಿತು: “ಸರ್ರಿ, ನನ್ನಂಥಾಕಿ ಒಬ್ಬಾಕಿ ಇದಾಳಂತ ಇದನ್ನ ಬರದೋರಿಗೆ ಯಾರು ಹೇಳಿದ್ರು?”

“ಯಾರು ಹೇಳಿದ್ರೋ ಗೊತ್ತಿಲ್ಲ ತಂಗಿ,” ಎಂದೆ, “ನಮಗ ಮಾತ್ರ ನೀನೇ ಹೇಳಿದಿ.”

ಯಾರೂ ನಗಲಿಲ್ಲ. ಹುಡುಗಿಯರ ಸಾಲಿನಲ್ಲಿ ಒಬ್ಬಳು ಚೀಲ ಎತ್ತಿಕೊಂಡು, ಪಕ್ಕದಲ್ಲಿ ಜಾಗ ಮಾಡಿ ಸರಿದಳು. ಶರಣು ಹೋಗಿ ಅಲ್ಲಿ ಕುಳಿತಳು.