ಊರಿಗೆಲ್ಲ ಹೇಳಿಕೊಂಡ ತಪ್ಪು

ದೊಮ್ಮಲೂರಿನ ಬಾಡಿಗೆ ಕೋಣೆಯಲ್ಲಿ ಅಕ್ಕ ಜೋಳದ ರೊಟ್ಟಿ ಬಡಿಯುವ ಸದ್ದಿಗೆ ಮಹಡಿಯ ಮೇಲಿದ್ದ ಓನರಮ್ಮನಿಗೆ ಬೆಳಗಿನ ನಿದ್ದೆ ಕೆಡುತ್ತಿತ್ತಂತೆ. "ಅದೇನ್ರೀ ದಿನಾ ಬೆಳಗ್ಗೆ, ಬಟ್ಟೆ ಒಗೆದಂಗೆ?" ಎಂದು ಒಂದು ದಿನ ಇಳಿದುಬಂದರು. ಮಾರನೆಯ ದಿನದಿಂದ ಅಕ್ಕ ಹಲಗೆಯ ಕೆಳಗೆ ತನ್ನ ಹಳೆಯ ಇಳಕಲ್ ಸೀರೆ ಮಡಚಿ ಹಾಸಿಕೊಂಡು ಬಡಿಯತೊಡಗಿದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಕಲಬುರಗಿಯಲ್ಲಿ ಕಂಡವರ ಮನೆಗೆ ರೊಟ್ಟಿ ಬಡಿದುಕೊಟ್ಟು ನನ್ನನ್ನು ಡಿಗ್ರಿ ಓದಿಸಿದವಳು ಅವಳೇ.

ನನಗೆ ಇಂದಿರಾನಗರದ ಒಂದು ಆಫೀಸಿನಲ್ಲಿ ಕೆಲಸ. ಊಟದ ಬಿಡುವಿನಲ್ಲಿ, ಕನ್ನಡದವರೆಲ್ಲ ಸೇರಿ ಬರೆಯುತ್ತಿದ್ದ ಒಂದು ವೆಬ್‌ಸೈಟಿನಲ್ಲಿ ಸುಳ್ಳು ಹೆಸರಿಟ್ಟುಕೊಂಡು ದಿನಚರಿ ಬರೆಯುತ್ತಿದ್ದೆ. ಬಸ್ಸಿನ ನೂಕಾಟ, ಅಕ್ಕನ ರೊಟ್ಟಿ, ಹಲಗೆಯ ಕೆಳಗಿನ ಸೀರೆ. ಓದಿದವರು ಹೊಗಳುತ್ತಿದ್ದರು. ಹೊಗಳಿಕೆ ತಲೆಗೇರಿತ್ತು.

ಒಂದು ಭಾನುವಾರ ಅಕ್ಕನೊಂದಿಗೆ ರಸೆಲ್ ಮಾರುಕಟ್ಟೆಗೆ ಹೋಗಿದ್ದಾಗ ಆಫೀಸಿನ ಗೆಳತಿ ಎದುರಾದಳು. ಅಕ್ಕ ತಲೆಯ ಮೇಲೆ ಸೆರಗು ಹೊದ್ದು, ಆಚೆ ಸೊಪ್ಪಿನವಳ ಹತ್ತಿರ ದೊಡ್ಡ ದನಿಯಲ್ಲಿ ಚೌಕಾಸಿ ಮಾಡುತ್ತಿದ್ದಳು. "ಯಾರೇ ಅದು, ನಿನ್ ಜೊತೆ ಬಂದಿದ್ದು?" ಎಂದಳು ಗೆಳತಿ.

"ನಮ್ಮನೇಲಿ ಅಡುಗೆ ಮಾಡ್ತಾರೆ" ಎಂದುಬಿಟ್ಟೆ. ಅಕ್ಕನಿಗೆ ಕೇಳಿಸಲಿಲ್ಲ.

ಸೋಮವಾರ ಅದನ್ನೇ ಬರೆದೆ. ಏನನ್ನೂ ಮುಚ್ಚಿಡಲಿಲ್ಲ. ಅಷ್ಟು ಜನ ಹಿಂದೆಂದೂ ಓದಿರಲಿಲ್ಲ. 'ಎಂಥ ಪ್ರಾಮಾಣಿಕತೆ', 'ಕಣ್ಣು ತುಂಬಿ ಬಂತು', 'ನಿಮ್ಮಕ್ಕ ಖಂಡಿತ ಕ್ಷಮಿಸುತ್ತಾರೆ'. ಅಕ್ಕನ ಪರವಾಗಿ ಕ್ಷಮಿಸಲು ಅವರ್ಯಾರು? ಇವತ್ತು ಹೀಗೆ ಕೇಳುತ್ತೇನೆ, ಅವತ್ತು ಹಿಗ್ಗಿ ಹೀರೇಕಾಯಿಯಾಗಿದ್ದೆ. ತಪ್ಪೊಪ್ಪಿಕೊಂಡೆನೆಂದು ಮನಸ್ಸು ಹಗುರ ಮಾಡಿಕೊಂಡು ಮನೆಗೆ ಹೋಗಿ, ಅವಳು ಬಡಿದ ರೊಟ್ಟಿಯನ್ನು ಚಪ್ಪರಿಸಿ ತಿಂದೆ. ಅವಳಿಗೆ ಮಾತ್ರ ಏನೂ ಹೇಳಲಿಲ್ಲ. ಥೂ ನನ್ನ ಜನ್ಮಕ್ಕೆ.

ಓನರಮ್ಮನ ಮಗಳು, ಕಾಲೇಜಿನ ಹುಡುಗಿ, ಆ ವೆಬ್‌ಸೈಟ್ ಓದುತ್ತಿದ್ದಳು. ಸೀರೆಯ ವಿಷಯದಿಂದ ನಮ್ಮ ಗುರುತು ಹಿಡಿದು, ನನ್ನ ಬರಹಗಳನ್ನೆಲ್ಲ ಪ್ರಿಂಟ್ ತೆಗೆಸಿ ಖುಷಿಯಿಂದ ಅಕ್ಕನ ಕೈಗೇ ಕೊಟ್ಟಿದ್ದಳು. "ನಿಮ್ ಬಗ್ಗೆ ಎಷ್ಟ್ ಚೆನ್ನಾಗ್ ಬರ್ದಿದ್ದಾರೆ ನೋಡಿ ಅಕ್ಕ!" ಅಂದಳಂತೆ. ಅವಳಿಗೂ ಅದು ಚೆಂದದ ಬರಹ, ಅಷ್ಟೇ.

ನಾನು ಸಂಜೆ ಬಂದಾಗ ಅಕ್ಕ ಒಂದೊಂದೇ ಸಾಲಿಗೆ ಬೆರಳಿಟ್ಟು ಕಡೆಯ ಹಾಳೆ ಓದುತ್ತಿದ್ದಳು. ಓದಿ ಮುಗಿಸಿ ತಲೆಯೆತ್ತಿದಳು.

"ಇಷ್ಟ್ ಮಂದಿಗಿ ಹೇಳಿದಿ," ಎಂದಳು. "ನಾ ಇಲ್ಲೇ ಬಾಜೂಕ ಕುಂತಿದ್ನಲ್ಲ."

ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಕಾಲಾದರೂ ಹಿಡಿಯುತ್ತಿದ್ದೆ. ದಿನಚರಿಯನ್ನೆಲ್ಲ ಅಳಿಸಿಹಾಕಿದೆ. ಯಾಕೆ ಬರೆಯುತ್ತಿಲ್ಲ ಎಂದು ಕೇಳಿದ ಓದುಗರ ಮೇಲೂ ಸಿಟ್ಟು ಬಂತು.

ಮುಂದಿನ ತಿಂಗಳು ಅದೇ ಗೆಳತಿ ಮನೆಗೆ ಬಂದಳು. 'ಇವಳು ನನ್ನ ಸ್ವಂತ ಅಕ್ಕ' ಎನ್ನಬೇಕೆಂದು ನಾನು ಬೆಳಗ್ಗೆಯಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಬಾಯಿ ತೆರೆಯುವ ಮೊದಲೇ ಅಕ್ಕ ಚಹಾದ ಲೋಟ ಅವಳ ಮುಂದಿಟ್ಟು, ಸೆರಗು ಸರಿಮಾಡಿಕೊಂಡು, ತಣ್ಣಗೆ ಹೇಳಿದಳು:

"ನಾ ಇವ್ರ ಮನ್ಯಾಗ ಅಡಗಿ ಮಾಡಾಕಿ ರೀ."