ಅವ್ವನ ಸೋಬಾನೆ, ಅಪ್ಪನ ರೇಡಿಯೋ

ಹೊಸ ಟಿವಿಯಲ್ಲಿ ಚಿತ್ರ ಇನ್ನೂ ಚೆನ್ನಾಗಿ ಕಾಣಲೆಂದು ಮಗ ಬಣ್ಣ, ಬೆಳಕು ಹೆಚ್ಚುಕಡಿಮೆ ಮಾಡುತ್ತಲೇ ಇದ್ದ. ಹನಕೆರೆಯ ನಮ್ಮ ಮನೆಯ ರೇಡಿಯೋ ನೆನಪಾಗಿ ನನಗೆ ಮೈಯೆಲ್ಲ ಉರಿಯಿತು.

ಅದರ ಕಿವಿ ತಿರುಪುವ ಹಕ್ಕು ಅಪ್ಪನದೊಂದೇ. ಅವ್ವ ದೂಳು ಒರೆಸಬಹುದಿತ್ತು, ಅಷ್ಟೇ. ಅವಳು ಮೈಸೂರಿಗೆ ಹೋಗಿ ಹಾಡಿಬಂದ ಸೋಬಾನೆ ರೇಡಿಯೋದಲ್ಲಿ ಬರುವ ದಿನ ಬೀದಿಯ ಹೆಂಗಸರೆಲ್ಲ ನಡುಮನೆಯಲ್ಲಿ ಕೂತಿದ್ದರು. ಗೊರಗೊರ ಸದ್ದಿನ ನಡುವೆ ರೇಡಿಯೋದಿಂದ ಅವ್ವನ ಹಾಡಿನ ದನಿ ಎದ್ದಿತು.

"ಬತ್ತಾ ಅದಲ್ಲ, ಅಂಗೇ ಬುಡಿ," ಎಂದಳು ಅವ್ವ.

"ನಿಂಗೇನ್ ಗೊತ್ತು, ಸುಮ್ಕಿರು. ಇನ್ನೊಂಚೂರು ಕ್ಲಿಯರ್ ಮಾಡ್ತೀನಿ," ಎಂದು ಅಪ್ಪ ತಿರುಪುತ್ತಲೇ ಇದ್ದ. ಕೊನೆಗೆ ಸ್ಪಷ್ಟವಾಗಿ ಕೇಳಿದ್ದು, "ಇದುವರೆಗೆ ಸೋಬಾನೆ ಪದಗಳನ್ನು ಕೇಳಿದಿರಿ."

"ನೋಡ್ದಾ, ಎಂಗ್ ಬತ್ತದೆ," ಎಂದ ಅಪ್ಪ.

ತನ್ನ ದನಿ ಹೇಗಿತ್ತೆಂದು ಅವ್ವ ಸಾಯುವ ತನಕ ನನ್ನನ್ನು ಕೇಳುತ್ತಿದ್ದಳು.

ಮಗನ ಕೈಯಿಂದ ರಿಮೋಟ್ ಕಿತ್ತುಕೊಂಡೆ. "ಕಾಣ್ತಾ ಅದಲ್ಲ, ಅಂಗೇ ಬುಡ್ಲಾ."